ಬಯಲುಸೀಮೆಯ ಗಾಳಿಯಲ್ಲೂ ಕಟ್ಟುವ ಮಂಜುಗಡ್ಡೆ

ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ ಹಳೆಯ ಬೈಕಿನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುವ ಮೆಕ್ಯಾನಿಕ್‌ನ ಬೆರಳು, ನಡು ಮಧ್ಯಾಹ್ನದ ಬಿಸಿಲಿನಲ್ಲೂ ತಣ್ಣಗೆ ಬಿಳಿಚಿಕೊಂಡಿರುತ್ತದೆ. ಇಂಧನ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವ ಈ ಸಾಮಾನ್ಯ ಗುಣವೇ ಸಣ್ಣ ವಿಮಾನಗಳ ಎಂಜಿನ್ ನಡುಹಾರಾಟದಲ್ಲಿ ಸೊರಗುವುದಕ್ಕೆ ದಶಕಗಳಿಂದ ಕಾರಣವಾಗುತ್ತ ಬಂದಿದೆ.

ಕಾರ್ಬುರೇಟರ್‌ನ ಕಿರಿದಾದ ಕೊರಳಿನಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಒತ್ತಡ ಕುಸಿಯುತ್ತದೆ, ಅಲ್ಲಿಯೇ ಪೆಟ್ರೋಲ್ ಆವಿಯಾಗುತ್ತದೆ. ಎರಡೂ ಸೇರಿ ಉಷ್ಣಾಂಶವನ್ನು 20ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಸಬಲ್ಲವು. ಆಗ ಗಾಳಿಯ ತೇವಾಂಶ, ಎಂಜಿನ್‌ಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಕವಾಟದ ಸುತ್ತ ಮಂಜುಗಡ್ಡೆಯಾಗಿ ಕಟ್ಟಿಕೊಂಡು ಎಂಜಿನ್‌ನ ಉಸಿರನ್ನೇ ಕಟ್ಟುತ್ತದೆ. ಇದು ಹಿಮ ಬೀಳುವ ದೇಶಗಳ ತೊಂದರೆ ಎಂದುಕೊಳ್ಳುವುದು ಅಪಾಯಕಾರಿ ತಪ್ಪು. ಹೊರಗಿನ ಉಷ್ಣಾಂಶ ಸುಮಾರು 21 ಡಿಗ್ರಿಯೊಳಗಿದ್ದು ತೇವಾಂಶ ಶೇ 80 ದಾಟಿದಾಗ ಸಾಧ್ಯತೆ ಹೆಚ್ಚು; 30 ಡಿಗ್ರಿಯ ಮೇಲೂ ಅದು ಇಲ್ಲವಾಗುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಗೆ ಮಂಜು ಕವಿದ ಮುಂಜಾವು, ಸೂಳೆಕೆರೆಯ ಮೇಲೆ ಬೀಸುವ ಮಳೆಗಾಲದ ಗಾಳಿ ಎರಡೂ ಈ ಲೆಕ್ಕಕ್ಕೆ ಸೇರುತ್ತವೆ.

ಪರಿಹಾರ ಹೊಸದಲ್ಲ. 1927ರಲ್ಲಿ ಅಮೆರಿಕದ ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗ್ ಸ್ಯಾನ್ ಡಿಯಾಗೋದಿಂದ ಸೇಂಟ್ ಲೂಯಿಸ್‌ಗೆ ರಾತ್ರಿ ಹಾರುವಾಗ ಪರ್ವತಗಳ ಮೇಲೆ ಎಂಜಿನ್ ತಡವರಿಸಿತು. ಅಟ್ಲಾಂಟಿಕ್ ದಾಟಲು ಹೊರಡುವ ಮುನ್ನ ಅವರು ಕಾರ್ಬುರೇಟರ್‌ಗೆ ಬಿಸಿಗಾಳಿ ಒದಗಿಸುವ ಸಾಧನವನ್ನು ಜೋಡಿಸಿಕೊಂಡರು. ಹೊಗೆಕೊಳವೆಯ ಸುತ್ತ ಕಾದ ಗಾಳಿಯನ್ನು ಒಳಗೆ ಬಿಡುವ ಈ ವ್ಯವಸ್ಥೆ, ಕಾರ್ಬ್ ಹೀಟ್ ಎಂಬ ಹೆಸರಿನಲ್ಲಿ, ಮುಂದೆ ತರಬೇತಿ ವಿಮಾನಗಳಿಗೆಲ್ಲ ಬಂತು. ಇಂಧನವನ್ನು ನೇರವಾಗಿ ಚಿಮ್ಮಿಸುವ ಎಂಜಿನ್‌ಗಳು ಬಂದಮೇಲೆ ಈ ಕಾಟ ಬಹುಪಾಲು ತಪ್ಪಿತು. ಸಣ್ಣ ವಿಮಾನವಾದ ಸೆಸ್ನಾ 172 ಕೂಡ 1990ರ ದಶಕದ ಕೊನೆಯಲ್ಲಿ ಆ ದಾರಿ ಹಿಡಿಯಿತು. ಆದರೆ ಅದಕ್ಕಿಂತ ಹಳೆಯವು, ಸೆಸ್ನಾ 152 ಸೇರಿದಂತೆ, ಇಂದಿಗೂ ಹಾರುತ್ತಿವೆ.

ಕಾರ್ಬ್ ಹೀಟ್‌ನ ಗುಂಡಿ ಪೈಲಟ್‌ನ ಕೈಯಳತೆಯಲ್ಲೇ ಇರುವಾಗ ಅಪಘಾತವೇಕೆ? 2000ರಿಂದ 2011ರವರೆಗೆ ಅಮೆರಿಕವೊಂದರಲ್ಲೇ ಸುಮಾರು 250 ಅಪಘಾತಗಳಲ್ಲಿ ಕಾರ್ಬುರೇಟರ್‌ನ ಮಂಜುಗಡ್ಡೆಯ ಪಾತ್ರವಿತ್ತು. ನನ್ನ ದೃಷ್ಟಿಯಲ್ಲಿ ಉತ್ತರವಿರುವುದು ಗುಂಡಿ ಎಳೆದ ಮೊದಲ ಕೆಲವು ಕ್ಷಣಗಳಲ್ಲಿ. ಬಿಸಿಗಾಳಿ ತೆಳುವಾದ್ದರಿಂದ ಎಂಜಿನ್‌ನ ವೇಗ ಮೊದಲು ಇನ್ನಷ್ಟು ಇಳಿಯುತ್ತದೆ. ಕರಗಿದ ನೀರು ಒಳಹೊಕ್ಕು ಎಂಜಿನ್ ಕೆಮ್ಮತೊಡಗುತ್ತದೆ. ಮದ್ದೇ ಮುಳುವಾಯಿತೆಂದು ಹೆದರಿದ ಪೈಲಟ್ ಗುಂಡಿಯನ್ನು ಮರಳಿ ಒತ್ತಿಬಿಟ್ಟರೆ, ಇನ್ನೇನು ಚೇತರಿಸಿಕೊಳ್ಳಲಿದ್ದ ಎಂಜಿನ್ ಮತ್ತೆ ಕಟ್ಟಿಕೊಳ್ಳುತ್ತದೆ. ತಡಮಾಡಿದವನಿಗೂ ಉಳಿವಿಲ್ಲ, ಏಕೆಂದರೆ ಎಂಜಿನ್ ನಿಂತರೆ ಹೊಗೆಕೊಳವೆ ತಣಿದು ಬಿಸಿಗಾಳಿಯೇ ಹುಟ್ಟುವುದಿಲ್ಲ. ಆದ್ದರಿಂದಲೇ ಇಳಿಯಲು ಥ್ರಾಟಲ್ ತಗ್ಗಿಸುವ ಮುನ್ನವೇ ಕಾರ್ಬ್ ಹೀಟ್ ಎಳೆಯುವ ಅಭ್ಯಾಸವನ್ನು ಕಲಿಸುತ್ತಾರೆ.

ತನಿಖೆಗೂ ಇದು ಕಷ್ಟದ ವಿಷಯ. ವಿಮಾನ ನಮ್ಮ ಮೆಕ್ಕೆಜೋಳದ ಹೊಲದಂಥ ಕಡೆ ಬಲವಂತವಾಗಿ ಇಳಿದಿದ್ದರೆ, ತನಿಖಾಧಿಕಾರಿಗಳು ಬಂದು ಕಾರ್ಬುರೇಟರ್ ಬಿಚ್ಚುವ ಹೊತ್ತಿಗೆ ಮಂಜುಗಡ್ಡೆ ಕರಗಿ ಆರಿಹೋಗಿರುತ್ತದೆ. ಅವರಿಗೆ ಉಳಿಯುವುದು ಹತ್ತಿರದ ಹವಾಮಾನ ಕೇಂದ್ರದಲ್ಲಿ ಆ ಹೊತ್ತಿಗೆ ದಾಖಲಾದ ಉಷ್ಣಾಂಶ ಹಾಗೂ ತೇವಾಂಶ, ಮತ್ತು ಕಾರ್ಬ್ ಹೀಟ್ ಗುಂಡಿ ನಿಂತಿರುವ ಸ್ಥಾನ.