ಸೇವೆಗೆ 99.95 ಅಂಕ, ಆದರೂ ಬಾಗಿಲಲ್ಲಿ ಕಸ

ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಒಂದು ವರದಿ ಬರುತ್ತದೆ. ಕಸ ಎತ್ತುವುದು, ಬೀದಿ ಗುಡಿಸುವುದು, ಪಾರ್ಕು, ಈಜುಕೊಳ, ಹೋಟೆಲುಗಳ ಶುಚಿತ್ವದ ತಪಾಸಣೆ, ಎಲ್ಲಾ ಒಂದೇ ಪಟ್ಟಿಯಲ್ಲಿ. ಪ್ರತಿ ಸಾಲಿನ ಪಕ್ಕ ಒಂದು ಬಣ್ಣ: ಹಸಿರು, ಹಳದಿ ಅಥವಾ ಕೆಂಪು. ಈ ವರದಿಯನ್ನು ಪ್ರಶ್ನಿಸುವ ಕೌನ್ಸಿಲರ್‌ಗಳ ಸ್ಕ್ರೂಟಿನಿ ಸಮಿತಿಗೆ ನೆರವಾಗುವುದು ನನ್ನ ಕೆಲಸ. ಸಭೆಯಲ್ಲಿ ಎಲ್ಲರ ಕಣ್ಣು ಕೆಂಪಿನ ಮೇಲೆ ಬೀಳುತ್ತದೆ. ನನಗೆ ಅನುಮಾನ ಜಾಸ್ತಿ ಇರುವುದು ಹಸಿರಿನ ಮೇಲೆ. ಕೆಂಪು ಬಂದ ಕಡೆ ಯಾರಾದರೂ ವಿವರಣೆ ಸಿದ್ಧ ಮಾಡಿಕೊಂಡೇ ಬಂದಿರುತ್ತಾರೆ. ಹಸಿರನ್ನು ಯಾರೂ ಕೇಳುವುದಿಲ್ಲ.

ಮೊದಲು ಈ ಸಮಿತಿ ಏನು ಅಂತ ಹೇಳಿಬಿಡುತ್ತೇನೆ. 2000ನೇ ಇಸವಿಯ ಸ್ಥಳೀಯ ಸರ್ಕಾರ ಕಾಯ್ದೆ ಬಂದ ಮೇಲೆ ಹೆಚ್ಚಿನ ಕೌನ್ಸಿಲ್‌ಗಳಲ್ಲಿ ಅಧಿಕಾರ ಒಂದು ಸಣ್ಣ ಕ್ಯಾಬಿನೆಟ್‌ನ ಕೈಗೆ ಹೋಯಿತು. ನಾಯಕರೂ ಸೇರಿ ಹೆಚ್ಚೆಂದರೆ 10 ಜನ. ಉಳಿದ ಕೌನ್ಸಿಲರ್‌ಗಳು ಸುಮ್ನೆ ಕೈ ಕಟ್ಟಿ ಕೂರಬಾರದು ಅಂತ, ಕ್ಯಾಬಿನೆಟ್‌ನ ಕೆಲಸವನ್ನು ಪರಿಶೀಲಿಸುವ ಸಮಿತಿಗಳನ್ನೂ ಅದೇ ಕಾಯ್ದೆ ಕಡ್ಡಾಯ ಮಾಡಿತು. ಕ್ಯಾಬಿನೆಟ್‌ನಲ್ಲಿ ಇರುವವರು ಇದರಲ್ಲಿ ಕೂರುವಂತಿಲ್ಲ. 2011ರ ಕಾಯ್ದೆ, ಕ್ಯಾಬಿನೆಟ್ ಬದಲು ಕೌನ್ಸಿಲರ್‌ಗಳ ಸಮಿತಿಗಳೇ ತೀರ್ಮಾನ ಮಾಡುವ ಹಳೆಯ ಪದ್ಧತಿಗೆ ಮರಳಲು ಅವಕಾಶ ಕೊಟ್ಟಿತು, ಕೆಲವು ಕೌನ್ಸಿಲ್‌ಗಳು ಮರಳಿದವು. ಉಳಿದ ಕಡೆ ಇದೇ ವ್ಯವಸ್ಥೆ.

ಇದರಲ್ಲಿ ಒಂದು ವಿಚಿತ್ರ ಇದೆ. ಈ ಸಮಿತಿ ಯಾವ ಆದೇಶವನ್ನೂ ಹೊರಡಿಸಲಾರದು. ಯಾರನ್ನೂ ಕೆಲಸದಿಂದ ತೆಗೆಯಲಾರದು, ಒಂದು ಪೌಂಡನ್ನೂ ಖರ್ಚು ಮಾಡಲಾರದು. ಕೇಳಬಹುದು, ಶಿಫಾರಸು ಮಾಡಬಹುದು, ಅದನ್ನು ಸಾರ್ವಜನಿಕರ ಎದುರು ಮಾಡಬಹುದು. ಹಾಗಾಗಿ ಕೇಳುವ ಪ್ರಶ್ನೆ ಸಪ್ಪೆಯಾದರೆ ಇಡೀ ಸಮಿತಿಯೇ ಸಪ್ಪೆ.

ಕಸದ ಡಬ್ಬದಿಂದಲೇ ಶುರು ಮಾಡೋಣ. ಜನ ಕೌನ್ಸಿಲರ್‌ಗೆ ಫೋನ್ ಮಾಡುವುದು ಹೆಚ್ಚಾಗಿ ಅದಕ್ಕೇ ಅಲ್ವಾ? ಇಲ್ಲಿ ಬಳಸುವ ಅಳತೆ ‘ಒಂದು ಲಕ್ಷ ಡಬ್ಬಗಳಲ್ಲಿ ಎಷ್ಟನ್ನು ಬಿಟ್ಟುಹೋದರು’ ಎಂಬುದು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ವಾರಕ್ಕೆ ಒಂದು ಲಕ್ಷ ಡಬ್ಬ ಖಾಲಿ ಮಾಡುವ ಕೌನ್ಸಿಲ್, ಬಿಟ್ಟುಹೋದದ್ದು 50. ಅಂದರೆ ನೂರಕ್ಕೆ 99.95 ಅಂಕ. ವರದಿಯಲ್ಲಿ ಕಡು ಹಸಿರು. ಆದರೆ ಆ 50 ಯಾರ ಮನೆಯವು? ಪ್ರತಿ ವಾರ ಬೇರೆ ಬೇರೆ ಮನೆಯವಾದರೆ ಅಂಥ ದೊಡ್ಡ ವಿಷಯವಲ್ಲ. ಪ್ರತಿ ವಾರ ಅದೇ 50 ಮನೆಗಳಾದರೆ? ಲಾರಿ ತಿರುಗಲಾಗದ ಓಣಿ, ಅಡ್ಡ ನಿಲ್ಲಿಸಿದ ಕಾರುಗಳು, ಫ್ಲಾಟುಗಳ ಹಿಂದಿನ ಬೀಗ ಹಾಕಿದ ಕಸದ ಕೋಣೆ. ಅಲ್ಲಿರುವವರಿಗೆ ಸೇವೆ ಇಲ್ಲವೇ ಇಲ್ಲ. ಎರಡು ಕಡೆಯೂ ಅಂಕಿ ಒಂದೇ, ಬಣ್ಣವೂ ಒಂದೇ. ಅದಕ್ಕೇ ನಾನು ಕೌನ್ಸಿಲರ್‌ಗಳಿಗೆ ಹೇಳುವುದು: ಒಟ್ಟು ಸಂಖ್ಯೆ ಕೇಳಬೇಡಿ, ಮೂರು ತಿಂಗಳಲ್ಲಿ ಎರಡಕ್ಕಿಂತ ಜಾಸ್ತಿ ಸಲ ಬಿಟ್ಟುಹೋದ ವಿಳಾಸಗಳು ಎಷ್ಟು ಅಂತ ಕೇಳಿ.

ಇನ್ನೂ ಒಂದು ಪದರ ಇದೆ. ಯಾವುದನ್ನು ‘ಬಿಟ್ಟುಹೋದದ್ದು’ ಅಂತ ಎಣಿಸುತ್ತಾರೆ? ಬಹಳ ಕಡೆ ಲಾರಿಯೊಳಗೇ ಒಂದು ಯಂತ್ರ ಇರುತ್ತದೆ. ಡಬ್ಬ ಹೊರಗೆ ಇಟ್ಟಿರಲಿಲ್ಲ, ಅಥವಾ ತಪ್ಪು ಕಸ ತುಂಬಿತ್ತು ಅಂತ ಸಿಬ್ಬಂದಿ ಅದರಲ್ಲಿ ಒತ್ತಿಬಿಟ್ಟರೆ ಅದು ಮನೆಯವರ ತಪ್ಪು, ಲೆಕ್ಕಕ್ಕೆ ಬರುವುದಿಲ್ಲ. ನಿಗದಿ ಮಾಡಿದ ಒಂದೆರಡು ದಿನದೊಳಗೆ ದೂರು ಕೊಡದಿದ್ದರೂ ಬರುವುದಿಲ್ಲ. ನಿಯಮ ತಪ್ಪು ಅಂತಲ್ಲ, ಸಿಬ್ಬಂದಿಗೂ ರಕ್ಷಣೆ ಬೇಕು. ಆದರೆ ಬಿಟ್ಟುಹೋದ ಡಬ್ಬಗಳು ಕಡಿಮೆಯಾದ ತಿಂಗಳೇ ‘ಹೊರಗೆ ಇಟ್ಟಿರಲಿಲ್ಲ’ ಎಂಬ ದಾಖಲೆ ಏರಿದ್ದರೆ, ಆ ಎರಡು ಗೆರೆಗಳನ್ನು ಒಂದೇ ಹಾಳೆಯಲ್ಲಿ ನೋಡಬೇಕು. ವರದಿ ಬರೆಯುವವರು ತಾವಾಗಿ ಅದನ್ನು ಜೋಡಿಸಿ ಕೊಡುವುದು ಅಪರೂಪ.

ಮರುಬಳಕೆಯ ಅಂಕಿ ಇದಕ್ಕಿಂತ ತಮಾಷೆ. ಮನೆಗಳಿಂದ ಬಂದ ಕಸದಲ್ಲಿ ಶೇಕಡಾ ಎಷ್ಟು ಮರುಬಳಕೆಗೆ ಅಥವಾ ಗೊಬ್ಬರಕ್ಕೆ ಹೋಯಿತು ಎಂಬುದು ಅಳತೆ. ಇಂಗ್ಲೆಂಡಿನ ಒಟ್ಟು ಪ್ರಮಾಣ ಹತ್ತು ವರ್ಷಕ್ಕೂ ಮೇಲ್ಪಟ್ಟು 44ರ ಆಸುಪಾಸಿನಲ್ಲೇ ಒದ್ದಾಡುತ್ತಿದೆ. 2035ಕ್ಕೆ 65 ಮುಟ್ಟಬೇಕು ಅಂತ ಗುರಿ. ಆದರೆ ಇದು ತೂಕದ ಲೆಕ್ಕ. ಹುಲ್ಲು, ಎಲೆ, ಕೊಂಬೆ ಭಾರ. ಪ್ಲಾಸ್ಟಿಕ್ ಹಗುರ. ಮಳೆ ಚೆನ್ನಾಗಿ ಬಂದ ಬೇಸಿಗೆಯಲ್ಲಿ ಹುಲ್ಲು ಬೆಳೆಯುತ್ತದೆ, ತೋಟದ ಕಸ ಜಾಸ್ತಿಯಾಗುತ್ತದೆ, ಅಂಕಿ ಮೇಲೇರುತ್ತದೆ. ಒಣ ಬೇಸಿಗೆಯಲ್ಲಿ ಇಳಿಯುತ್ತದೆ. ಕ್ಯಾಬಿನೆಟ್ ಸದಸ್ಯರು ಏರಿಕೆಯನ್ನು ತಮ್ಮ ಪ್ರಚಾರಕ್ಕೂ ಇಳಿಕೆಯನ್ನು ಹವಾಮಾನಕ್ಕೂ ಸೇರಿಸುವುದು ನಡೆದೇ ಇದೆ. ಅದಕ್ಕೆ ಮದ್ದು ಸುಲಭ. ತೋಟದ ಕಸ ಬಿಟ್ಟು ಅಂಕಿ ಎಷ್ಟು ಅಂತ ಕೇಳಿ. ಜೊತೆಗೆ ಒಂದು ಮನೆಗೆ ಎಷ್ಟು ಕಿಲೋ ಕಸ ಸುಡಲು ಅಥವಾ ಹೂಳಲು ಹೋಯಿತು ಅಂತಲೂ ಕೇಳಿ. ಈ ಎರಡನೇ ಅಂಕಿಯೇ ನನಗೆ ಹೆಚ್ಚು ನಂಬಿಕೆಯದು. ಜನ ಕಡಿಮೆ ಕಸ ಮಾಡಿದರೂ ಅದು ತೋರಿಸುತ್ತದೆ. ಮೊದಲನೆಯದಕ್ಕೆ ಅದು ಕಾಣುವುದಿಲ್ಲ.

ಎರಡು ಹಂತದ ಆಡಳಿತ ಇರುವ ಕಡೆ ಇನ್ನೊಂದು ತೊಡಕು. ಕಸ ಎತ್ತುವುದು ಜಿಲ್ಲಾ ಕೌನ್ಸಿಲ್, ವಿಲೇವಾರಿ ಮಾಡುವುದು ಕೌಂಟಿ ಕೌನ್ಸಿಲ್. ಒಬ್ಬರು ಖರ್ಚು ಉಳಿಸಿದರೆ ಇನ್ನೊಬ್ಬರ ಖರ್ಚು ಏರಬಹುದು. ಇಬ್ಬರ ವರದಿಯೂ ತನ್ನಷ್ಟಕ್ಕೆ ಹಸಿರಾಗಿಯೇ ಇರುತ್ತದೆ.

ರಸ್ತೆ ಬದಿ ಕದ್ದು ಸುರಿದ ಕಸದ್ದು ಇದಕ್ಕೆ ತಿರುಗುಮುರುಗು. ಇಂಗ್ಲೆಂಡಿನ ಕೌನ್ಸಿಲ್‌ಗಳು ವರ್ಷಕ್ಕೆ 10 ಲಕ್ಷಕ್ಕೂ ಮೇಲೆ ಇಂಥ ಪ್ರಕರಣ ದಾಖಲಿಸುತ್ತವೆ. ಆದರೆ ದೂರು ಕೊಡಲು ಸುಲಭದ ಆ್ಯಪ್ ಬಂದರೆ ಸಂಖ್ಯೆ ಏರುತ್ತದೆ. ಅದು ಸೇವೆ ಕೆಟ್ಟಿದ್ದೋ, ಸುಧಾರಿಸಿದ್ದೋ? ಖಾಸಗಿ ಜಮೀನಿನಲ್ಲಿ ಸುರಿದದ್ದು ಈ ಸಂಖ್ಯೆಯಲ್ಲಿ ಹೆಚ್ಚಾಗಿ ಕಾಣುವುದೂ ಇಲ್ಲ, ರೈತರು ತಾವೇ ತೆಗೆಸಬೇಕು. ಸ್ಥಳದಲ್ಲೇ ಹಾಕುವ ದಂಡದ ಮಿತಿಯನ್ನು 2023ರಲ್ಲಿ 400 ಪೌಂಡಿನಿಂದ 1,000ಕ್ಕೆ ಏರಿಸಿದರು. ದಂಡ ಎಷ್ಟು ಹಾಕಿದಿರಿ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಎಷ್ಟು ವಸೂಲಾಯಿತು ಅನ್ನುವುದು ಅದಕ್ಕಿಂತ ಒಳ್ಳೆಯದು.

ಆಹಾರ ಶುಚಿತ್ವದ ತಪಾಸಣೆಗೂ ಇದೇ ಮಾತು. ಹೋಟೆಲು, ಬೇಕರಿಗಳನ್ನು ಅಪಾಯದ ಮಟ್ಟ ನೋಡಿ ಎ ಇಂದ ಇ ವರೆಗೆ ವಿಂಗಡಿಸಿರುತ್ತಾರೆ. ಎ ಗುಂಪಿಗೆ ಆರು ತಿಂಗಳಿಗೊಮ್ಮೆ ತಪಾಸಣೆ, ಡಿ ಗುಂಪಿಗೆ ಎರಡು ವರ್ಷಕ್ಕೊಮ್ಮೆ. ‘ಶೇಕಡಾ 95 ಮುಗಿದಿದೆ’ ಅಂದರೆ, ಬಾಕಿ ಉಳಿದ 5 ಯಾವ ಗುಂಪಿನವು? ಈಜುಕೊಳದ ‘ಭೇಟಿಗಳು’ ಕೂಡ ಹಾಗೇ. ಬರುವ ಜನರನ್ನು ಎಣಿಸಿದ್ದೋ, ಬಂದವರೇ ಮತ್ತೆ ಮತ್ತೆ ಬಂದದ್ದನ್ನೋ?

ಇಷ್ಟೆಲ್ಲಾ ಕೌನ್ಸಿಲರ್‌ಗಳೇ ಯಾಕೆ ಕೆದಕಬೇಕು? ಮೊದಲು ಇಡೀ ದೇಶಕ್ಕೆ ಒಂದೇ ಅಳತೆಗಳ ಪಟ್ಟಿ ಇತ್ತು, 198 ಸೂಚಕಗಳು. ಮೇಲಿಂದ ನೋಡಲು ಆಡಿಟ್ ಕಮಿಷನ್ ಇತ್ತು. ಆ ಪಟ್ಟಿಯನ್ನು 2010ರ ನಂತರ ಕೈಬಿಟ್ಟರು, ಕಮಿಷನ್ 2015ರಲ್ಲಿ ಮುಚ್ಚಿತು. ಆಗ ತುಂಬಾ ಜನಕ್ಕೆ ಖುಷಿಯಾಯಿತು, ಕಾಗದದ ರಾಶಿ ಕಡಿಮೆಯಾಯಿತಲ್ಲ. ಆದರೆ ಈಗ ಏನನ್ನು ಅಳೆಯಬೇಕು, ಗುರಿ ಎಷ್ಟು ಅನ್ನುವುದನ್ನು ಹೆಚ್ಚಿನಂಶ ಕೌನ್ಸಿಲ್ ತಾನೇ ತೀರ್ಮಾನಿಸುತ್ತದೆ. ಪರೀಕ್ಷೆ ಬರೆಯುವವನೇ ಪ್ರಶ್ನೆಪತ್ರಿಕೆ ಮಾಡಿದ ಹಾಗೆ. ಆದ್ದರಿಂದ ಸಮಿತಿ ಗಲಾಟೆ ಮಾಡಬೇಕಾದದ್ದು ವರ್ಷದ ಆರಂಭದಲ್ಲಿ, ಗುರಿ ಇಡುವಾಗ. ಹೋದ ವರ್ಷ ಕೆಂಪಾಗಿದ್ದ ಸಾಲು ಈ ವರ್ಷ ಹಸಿರಾಗಿದ್ದರೆ, ಕೆಲಸ ಸುಧಾರಿಸಿತೋ ಗುರಿ ಇಳಿಯಿತೋ ಅಂತ ಮೊದಲು ನೋಡಬೇಕು. ಸಾಲೇ ಮಾಯವಾಗಿದ್ದರಂತೂ ಖಂಡಿತ ಕೇಳಬೇಕು.

ಮಾಹಿತಿ ಪಡೆಯುವ ಹಕ್ಕು ಸಮಿತಿಗೆ ಚೆನ್ನಾಗಿಯೇ ಇದೆ, ಬಳಸುವವರು ಕಮ್ಮಿ. ಕ್ಯಾಬಿನೆಟ್ ಬಳಿ ಇರುವ, ತಮ್ಮ ಪರಿಶೀಲನೆಗೆ ಸಂಬಂಧಪಟ್ಟ ದಾಖಲೆಯನ್ನು ಸದಸ್ಯರು ಕೇಳಿದರೆ 10 ದಿನದೊಳಗೆ ಕೊಡಬೇಕು ಅಂತ 2012ರ ನಿಯಮ ಹೇಳುತ್ತದೆ. ಕೊಡದಿದ್ದರೆ ಕಾರಣ ಲಿಖಿತವಾಗಿ ಹೇಳಬೇಕು. ಕ್ಯಾಬಿನೆಟ್ ಸದಸ್ಯರನ್ನೂ ಅಧಿಕಾರಿಗಳನ್ನೂ ಕರೆಸಬಹುದು, ಅವರು ಬರಲೇಬೇಕು. ಗುತ್ತಿಗೆ ಕಂಪನಿಯವರನ್ನು ಮಾತ್ರ ಹಾಗೆ ಎಳೆದು ತರಲಾಗುವುದಿಲ್ಲ, ಆಹ್ವಾನಿಸಬಹುದು ಅಷ್ಟೇ. ಕಸದ ಕೆಲಸ ಎಷ್ಟೋ ಕಡೆ ಗುತ್ತಿಗೆಯಲ್ಲೇ ನಡೆಯುವುದರಿಂದ ಇದು ದೊಡ್ಡ ಕೊರತೆ. ಸಮಿತಿಯ ಮುಂದೆ ಬರಬೇಕು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವುದೊಂದೇ ದಾರಿ. ಕಂಪನಿಯವರು ಬಂದಾಗ ನಾನು ಬರೆದುಕೊಡುವ ಪ್ರಶ್ನೆ ಚಿಕ್ಕದು: ಈ ವರ್ಷ ಗುರಿ ತಪ್ಪಿದ್ದಕ್ಕೆ ನಿಮ್ಮ ಬಿಲ್ಲಿನಿಂದ ಎಷ್ಟು ಕಡಿತವಾಯಿತು? ಎರಡು ತ್ರೈಮಾಸಿಕ ಕೆಂಪಿದ್ದು ಕಡಿತ ಸೊನ್ನೆ ಅಂದರೆ, ಮುಂದಿನ ಪ್ರಶ್ನೆ ಕೌನ್ಸಿಲ್ ಅಧಿಕಾರಿಗೆ.

ಸಭೆ ಹಾಳಾಗುವುದು ಎರಡು ರೀತಿಯಲ್ಲಿ. ಅಧಿಕಾರಿ ಸ್ಲೈಡ್ ಹಾಕಿ ಅರ್ಧ ಗಂಟೆ ತಿನ್ನುವುದು ಒಂದು. ಕಾರ್ಯಸೂಚಿ ಐದು ದಿನ ಮುಂಚೆಯೇ ಪ್ರಕಟವಾಗಿರುತ್ತದೆ, ಓದಿಕೊಂಡು ಬಂದರೆ ಸ್ಲೈಡೇ ಬೇಡ. ಇನ್ನೊಂದು, ‘ನನ್ನ ವಾರ್ಡಿನಲ್ಲಿ ಅಜ್ಜಿಯೊಬ್ಬರ ಡಬ್ಬ’ ಅಂತ ಶುರುವಾಗುವ ಮಾತು. ಅದನ್ನು ಪೂರ್ತಿ ತಳ್ಳಿಹಾಕುವವನು ನಾನಲ್ಲ. ಸೆಪ್ಟೆಂಬರ್‌ವರೆಗಿನ ಅಂಕಿ ಸಮಿತಿಗೆ ಬರುವಾಗ ನವೆಂಬರ್ ಆಗಿರಬಹುದು, ಅಜ್ಜಿಯ ದೂರು ನಿನ್ನೆಯದು. ಆದರೆ ಒಂದು ಡಬ್ಬದ ಪ್ರಶ್ನೆಗೆ ‘ನಾಳೆ ಕಳಿಸುತ್ತೇವೆ’ ಎಂಬ ಉತ್ತರ ಬರುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಅದೇ ದೂರನ್ನು ಹತ್ತು ಕೌನ್ಸಿಲರ್‌ಗಳು ಮುಂಚೆಯೇ ಒಟ್ಟಿಗೆ ತಂದು, ಎಂಟು ದೂರು ಒಂದೇ ಲಾರಿಯ ದಾರಿಯವು ಅಂತ ತೋರಿಸಿದರೆ ಉತ್ತರ ಅಷ್ಟು ಸುಲಭವಲ್ಲ. ಅದಕ್ಕೇ ಸಭೆಗೆ ಮೊದಲು ಸದಸ್ಯರು ಪಕ್ಷ ನೋಡದೆ ಸ್ವಲ್ಪ ಹೊತ್ತು ಕೂತು ಯಾರು ಏನು ಕೇಳಬೇಕು ಅಂತ ಹಂಚಿಕೊಳ್ಳಬೇಕು. ಆಡಳಿತ ಪಕ್ಷದವರಿಗೆ ತಮ್ಮವರನ್ನೇ ಕೇಳುವುದು ಕಷ್ಟ, ನಿಜ. ಅವರು ಕೇಳಿದಾಗಲೇ ಕ್ಯಾಬಿನೆಟ್ ಜಾಸ್ತಿ ಗಮನ ಕೊಡುವುದು, ಅದೂ ನಿಜ.

ಇನ್ನು ಶಿಫಾರಸು. ಸಮಿತಿ ಬರೆದು ಕಳಿಸಿದ ವರದಿಗೆ ಕ್ಯಾಬಿನೆಟ್ ಎರಡು ತಿಂಗಳೊಳಗೆ ಉತ್ತರ ಕೊಡಲೇಬೇಕು. ಉತ್ತರ ಬರುತ್ತದೆ. ‘ಗಮನಿಸಲಾಗಿದೆ’, ‘ತಾತ್ವಿಕವಾಗಿ ಒಪ್ಪಲಾಗಿದೆ’ ಅಂತ. ಅದನ್ನು ಓದಿ ಫೈಲ್ ಮುಚ್ಚುವ ಸಮಿತಿಗಳೇ ಜಾಸ್ತಿ. ಒಪ್ಪಿದ ಪ್ರತಿ ಶಿಫಾರಸಿಗೆ ಯಾವ ಅಧಿಕಾರಿ, ಯಾವ ತಾರೀಖು ಅಂತ ಅದೇ ಸಭೆಯಲ್ಲಿ ಬರೆಸಿಕೊಂಡು, ಆರು ತಿಂಗಳ ನಂತರದ ಕಾರ್ಯಸೂಚಿಯಲ್ಲಿ ಆಗಲೇ ಒಂದು ಸಾಲು ಹಾಕಿಸಬೇಕು. ‘ಗಮನಿಸಲಾಗಿದೆ’ ಎಂದು ಬಂದವುಗಳನ್ನು ತಿರಸ್ಕರಿಸಿದ್ದು ಅಂತಲೇ ದಾಖಲಿಸಿ, ಕಾರಣ ಕೇಳಿ ವಾಪಸ್ ಕಳಿಸಿ ಅಂತ ನಾನು ಅಧ್ಯಕ್ಷರಿಗೆ ಹೇಳುತ್ತೇನೆ.