ಕಾಫಿ ಚರಟ ಹಿಮ್ಮಡಿಗೆ ಸರಿ, ಕೆನ್ನೆಗೆ ಬೇಡ

"ನೈಸರ್ಗಿಕ ಅಲ್ವಾ ಡಾಕ್ಟ್ರೇ, ಏನಾಗುತ್ತೆ?" ಎನ್ನುತ್ತಾ ಒಬ್ಬರು ಚೀಲದಿಂದ ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಕಾಫಿ ಸೋಸಿ ಉಳಿದ ಚರಟ, ಎಣ್ಣೆ, ನಿಂಬೆರಸ. ಮುಚ್ಚಳ ತಿರುಗಿಸಿದೆ. ಒಳಗಿನ ಅಂಚಿನಲ್ಲಿ ಬೂದು ಬಣ್ಣದ ಬೂಷ್ಟು. ಅವರ ಕೆನ್ನೆಯ ಮೇಲೆ ಸಣ್ಣ ಸಣ್ಣ ಕೆಂಪು ಗೀರು. ಒಂದು ವಾರ ದಿನಾ ಉಜ್ಜಿದ್ದರಂತೆ.

ಚರಟ ಎಸೆಯಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಅದರಲ್ಲಿ ನಮ್ಮ ಕೆಲಸಕ್ಕೆ ಬರುವುದು ಒಂದೇ, ಒರಟುತನ. ಸಕ್ಕರೆ ಉಜ್ಜುತ್ತಾ ಹೋದಂತೆ ಕರಗುತ್ತದೆ. ಚರಟ ಕರಗುವುದಿಲ್ಲ, ಕೊನೇವರೆಗೂ ಗೀರುತ್ತಲೇ ಇರುತ್ತದೆ. ಮುಖದ ಚರ್ಮದ ಹೊರಪದರ ಸುಮಾರು 0.01ರಿಂದ 0.02 ಮಿಲಿಮೀಟರ್ ದಪ್ಪ, ಅಷ್ಟೇ. ಹಿಮ್ಮಡಿಯಲ್ಲಿ ಅದು ಎಷ್ಟೋ ಪಟ್ಟು ಜಾಸ್ತಿ. ನಮ್ಮಂಥ ಕಂದು ಚರ್ಮದಲ್ಲಿ ಗೀರು ಮಾಯ್ದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬೆಳ್ಳಗಾಗಲು ಉಜ್ಜಿ ಕಲೆ ತಂದುಕೊಂಡವರನ್ನು ನಾನು ನೋಡುತ್ತಲೇ ಇರುತ್ತೇನೆ.

ಕೆಫೀನ್ ವಿಷಯ? ಅದು ರಕ್ತನಾಳವನ್ನು ಸ್ವಲ್ಪ ಹೊತ್ತು ಕುಗ್ಗಿಸುತ್ತದೆ, ಕಣ್ಣಿನ ಕೆಳಗಿನ ಊತ ತುಸು ಇಳಿದಂತೆ ಕಾಣಬಹುದು. ಅದಕ್ಕೇ ಕ್ರೀಮುಗಳಲ್ಲಿ ಅಳತೆ ಮಾಡಿ ಕರಗಿಸಿ ಹಾಕುತ್ತಾರೆ. ಚರಟದ ಕೆಫೀನ್ ಬಹುಪಾಲು ನಿಮ್ಮ ಲೋಟಕ್ಕೆ ಇಳಿದು ಹೋಗಿರುತ್ತದೆ. ಉಳಿದ ಚೂರುಪಾರಿಗಾಗಿ ಕಣ್ಣಿನ ಕೆಳಗಿನ ತೆಳು ಚರ್ಮ ತಿಕ್ಕಬೇಡಿ.

ಮೊಣಕೈ, ಮಂಡಿ, ಹಿಮ್ಮಡಿಗೆ ಬಳಸಿ, ಅಡ್ಡಿಯಿಲ್ಲ. ಚರಟವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬೆರಳಿಗೆ ಅಂಟದಷ್ಟು ಒಣಗಿಸಿ. ಒದ್ದೆ ಇದ್ದರೆ ಎರಡು ಮೂರು ದಿನದಲ್ಲೇ ಬೂಷ್ಟು ಹಿಡಿಯಬಹುದು, ಎಣ್ಣೆ ಬೆರೆಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಒಂದು ಚಮಚ ಪುಡಿಗೆ ಅರ್ಧ ಚಮಚ ಎಣ್ಣೆ. ಆ ಹೊತ್ತಿಗೆ ಬೇಕಾದಷ್ಟೇ ಕಲಸಿ. ಒದ್ದೆ ಚರ್ಮದ ಮೇಲೆ ಅರ್ಧ ನಿಮಿಷ ಹಗುರವಾಗಿ ಉಜ್ಜಿ ತೊಳೆಯಿರಿ, ಮೇಲೆ ಮಾಯಿಶ್ಚರೈಸರ್ ಹಚ್ಚಿ. ವಾರಕ್ಕೊಮ್ಮೆ ಸಾಕು. ಬಚ್ಚಲ ನೆಲ ಜಾರುತ್ತದೆ, ಹುಷಾರು. ತೂತಿಗೆ ಜಾಲರಿ ಇಡಿ, ಇಲ್ಲದಿದ್ದರೆ ಚರಟ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ.

ನಿಂಬೆರಸವಂತೂ ಬೇಡವೇ ಬೇಡ. ಹುಳಿಯನ್ನು ಅಳೆಯುವ ಪಿಎಚ್ ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಚರ್ಮದ ಪಿಎಚ್ 5ರ ಆಸುಪಾಸು, ನಿಂಬೆಯದು 2ರ ಹತ್ತಿರ. ಗೀರಿದ ಚರ್ಮಕ್ಕೆ ಅದು ಉರಿಯ ಮೇಲೆ ಉರಿ. ಮೊಡವೆ, ಎಕ್ಸಿಮಾ (ತುರಿಕೆಯ ಚರ್ಮರೋಗ) ಇದ್ದ ಜಾಗಕ್ಕೆ, ಆಗಷ್ಟೇ ಶೇವ್ ಮಾಡಿದ ಕಾಲಿಗೆ, ರೆಟಿನಾಯ್ಡ್ (ವಿಟಮಿನ್ ಎ ಬಗೆಯ ಔಷಧಿ) ಕ್ರೀಮ್ ಹಚ್ಚುತ್ತಿರುವ ಕಡೆ ಚರಟವನ್ನೂ ಮುಟ್ಟಿಸಬೇಡಿ.

"ಹಾಗಾದ್ರೆ ಈ ಬಾಟಲಿ?" ಎಂದರು ಅವರು. ಕಸದ ಬುಟ್ಟಿ ತೋರಿಸಿದೆ. ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಬರೆದುಕೊಟ್ಟೆ. ಗೀರು ಒಂದು ವಾರದಲ್ಲಿ ಮಾಯಿತು. ಕಲೆಗೆ ಇನ್ನೂ ಬರುತ್ತಿದ್ದಾರೆ.