ಪರಿಷೆ ದಿನದ ಎಳನೀರು ಮತ್ತು ಸರಾಸರಿಯ ಲೆಕ್ಕ

ಬಿ.ಕಾಂ. ಮೊದಲ ವರ್ಷದ ಸಂಖ್ಯಾಶಾಸ್ತ್ರದಲ್ಲಿ ಸೂತ್ರಗಳು ನನ್ನನ್ನು ಅಷ್ಟೇನೂ ಕಾಡಲಿಲ್ಲ. ಸೂತ್ರಕ್ಕೆ ಹಾಕುವ ಮೊದಲು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡುವ ಅಭ್ಯಾಸ ಇರಲಿಲ್ಲ. ಎಡವಿದ್ದು ಅಲ್ಲೇ.

ಬಸವನಗುಡಿಯಲ್ಲಿ ಒಂದು ಎಳನೀರು ಗಾಡಿ ಅಂದುಕೊಳ್ಳಿ. ಏಳು ದಿನ ಮಾರಿದ ಕಾಯಿಗಳು: 60, 65, 58, 64, 70, 55, 188. ಕೊನೆಯದು ಕಡಲೆಕಾಯಿ ಪರಿಷೆಯ ಸೋಮವಾರ. ಒಟ್ಟು 560, ಸರಾಸರಿ 80. ಈಗ ಪಟ್ಟಿ ಇನ್ನೊಮ್ಮೆ ನೋಡಿ. ಆರು ದಿನ ವ್ಯಾಪಾರ 80ರ ಹತ್ತಿರವೂ ಹೋಗಿಲ್ಲ! ಸರಾಸರಿ ನಂಬಿಕೊಂಡು ದಿನಾ 80 ಕಾಯಿ ಇಳಿಸಿಕೊಂಡರೆ ಸಂಜೆಗೆ ಗಾಡಿ ತುಂಬ ಉಳಿಕೆ.

ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ: 55, 58, 60, 64, 65, 70, 188. ನಟ್ಟನಡುವೆ ಇರುವ 64 ಮಧ್ಯಾಂಕ. ಪರಿಷೆ ದಿನ 500 ಕಾಯಿ ಹೋಗಿದ್ದರೂ ಅದು 64ರಲ್ಲೇ ಇರುತ್ತಿತ್ತು. ಸಂಬಳ, ಮನೆ ಬಾಡಿಗೆಯಂಥ ಅಂಕಿಗಳಿಗೆ ಮಧ್ಯಾಂಕ ಕೇಳುವುದು ಇದಕ್ಕೇ. ನಾಲ್ಕೈದು ದೊಡ್ಡ ಸಂಬಳ ಸೇರಿದರೆ ಸಾಕು, ಸರಾಸರಿ ಮೇಲಕ್ಕೆ ಹಾರುತ್ತದೆ.

ಇನ್ನು ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ. ಪ್ರತಿ ದಿನದ ಅಂಕಿಯಿಂದ 80 ಕಳೆಯಿರಿ, ವರ್ಗ ಮಾಡಿ, ಕೂಡಿಸಿ: 13,754. ಈ ಏಳು ದಿನ ಗಾಡಿಯ ಇಡೀ ವ್ಯಾಪಾರದ ಒಂದು ಮಾದರಿ (ಸ್ಯಾಂಪಲ್) ಅಷ್ಟೇ, ಹಾಗಾಗಿ ಇದನ್ನು 7ರಿಂದಲ್ಲ, 6ರಿಂದ ಭಾಗಿಸಬೇಕು. ಇಂಟರ್ನಲ್ಸ್‌ನಲ್ಲಿ 7ರಿಂದ ಭಾಗಿಸಿ ಎರಡು ಮಾರ್ಕ್ಸ್ ಕಳೆದುಕೊಂಡವನು ನಾನು. ಯಾಕೆ 6? ವ್ಯತ್ಯಾಸಗಳನ್ನೆಲ್ಲ ಕೂಡಿಸಿದರೆ ಯಾವಾಗಲೂ ಸೊನ್ನೆ. ಮೊದಲ ಆರು ಸೇರಿ −108 ಬಂತು ಅಂದರೆ ಏಳನೆಯದು +108 ಆಗಲೇಬೇಕು, ಅಲ್ವಾ? ಹಾಗಾಗಿ ಸ್ವತಂತ್ರವಾದವು ಆರೇ. 6ರಿಂದ ಭಾಗಿಸಿ ಬಂದದ್ದರ ವರ್ಗಮೂಲ ತೆಗೆದರೆ ಸುಮಾರು 48. ಪರಿಷೆ ದಿನ ಬಿಟ್ಟು ಲೆಕ್ಕ ಹಾಕಿದರೆ ಬರೀ 5.4. ಹಾಗಂತ 188 ಅನ್ನು ಸುಮ್ನೆ ಅಳಿಸಬೇಡಿ. ಅದು ತಪ್ಪು ಅಂಕಿಯಲ್ಲ, ಹಬ್ಬದ ದಿನದ್ದು. ಬೇರೆ ಇಟ್ಟು, ಯಾಕೆ ಬೇರೆ ಇಟ್ಟೆ ಅಂತ ಒಂದು ಸಾಲು ಬರೆಯಿರಿ.

ಸರಾಸರಿ ಎಡವಿಸುವ ಇನ್ನೊಂದು ಜಾಗ ಹಣದುಬ್ಬರ, ಅಂದರೆ ಬೆಲೆಗಳು ಏರುವ ವೇಗ. ಅದು ಶೇ. 6ರಿಂದ ಶೇ. 4ಕ್ಕೆ ಇಳಿದರೆ ಬೆಲೆ ಇಳಿಯಿತು ಅಂತಲ್ಲ. ಬೆಲೆ ಏರುತ್ತಲೇ ಇದೆ, ವೇಗ ಕಡಿಮೆಯಾಗಿದೆ. ಇದು ಪರೀಕ್ಷೆಯಲ್ಲಿ ಬಂದೇ ಬರುತ್ತದೆ.

ಆ ಹಣದುಬ್ಬರವೂ ಒಂದು ಸರಾಸರಿಯೇ, ಆದರೆ ತೂಕದ ಸರಾಸರಿ: ಒಟ್ಟು ಖರ್ಚು 100 ಅಂದುಕೊಂಡರೆ ಯಾವುದಕ್ಕೆ ಎಷ್ಟು ಹೋಗುತ್ತದೋ ಅದೇ ಅದರ ತೂಕ. ಮನೆಮಂದಿ ಕೊಳ್ಳುವ ವಸ್ತುಗಳ ಬೆಲೆ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದ 2012 ಆಧಾರ ವರ್ಷದ ಸರಣಿಯಲ್ಲಿ ಹಳ್ಳಿ, ಪಟ್ಟಣ ಸೇರಿ ಆಹಾರ ಮತ್ತು ಪಾನೀಯದ ತೂಕ 45.86, ವಸತಿಯದು 10.07. ಪಟ್ಟಣದ್ದಷ್ಟೇ ನೋಡಿದರೆ ವಸತಿ 21.67, ಯಾಕಂದ್ರೆ ಹಳ್ಳಿಗೆ ವಸತಿಯ ತೂಕವನ್ನೇ ಇಟ್ಟಿರಲಿಲ್ಲ.

ಲೆಕ್ಕಕ್ಕೆಂದು ಆಹಾರ ಶೇ. 2, ಬಾಡಿಗೆ ಶೇ. 10, ಉಳಿದದ್ದು ಶೇ. 3 ಏರಿತು ಅನ್ನಿ. ತೂಕ 46, 10, 44 ಇಟ್ಟರೆ ಒಟ್ಟು ಏರಿಕೆ ಶೇ. 3.24. ಅದೇ ಖರ್ಚಿನ ಹತ್ತಿರಹತ್ತಿರ ಅರ್ಧ ಬಾಡಿಗೆಗೇ ಸುರಿಯುವ ಹುಡುಗನಿಗೆ ತೂಕ 25, 45, 30 ಅಂದುಕೊಂಡರೆ ಶೇ. 5.9. ‘ಪೇಪರಿನವರು ಸುಳ್ಳು ಬರೀತಾರೆ’ ಅಂತ ನನ್ನ ರೂಮ್‌ಮೇಟ್ ಗೊಣಗುವುದು ಈ ವ್ಯತ್ಯಾಸಕ್ಕೇ.

ನಿಮ್ಮ ಕಳೆದ ತಿಂಗಳ ಖರ್ಚಿಗೆ ಇದೇ ಲೆಕ್ಕ ಹಾಕಿ ನೋಡಿ. ತೂಕಗಳ ಮೊತ್ತ 100 ಬಂತಾ ಅಂತ ಮೊದಲು ನೋಡಿಕೊಳ್ಳಿ. ನನ್ನದು ಮೊದಲ ಸಲ 112 ಬಂದಿತ್ತು. ಮೆಸ್ ಬಿಲ್ಲನ್ನು ಎರಡು ಕಡೆ ಬರೆದಿದ್ದೆ.